ನೂರು ಜನರ ನಮಸ್ಕಾರಕ್ಕೆ ಎಂಬತ್ತೆರಡೂವರೆ ನಿಮಿಷ

ನೂರು ಜನರನ್ನು ಒಂದು ಆನ್‌ಲೈನ್ ಸಭೆಗೆ ಕರೆಯಿರಿ. ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರಿಗೂ ನಮಸ್ಕಾರ ಹೇಳಲಿ. ಇಬ್ಬರು ಪರಸ್ಪರ ಕೈಮುಗಿಯಲು ಒಂದೇ ಸೆಕೆಂಡು. ಒಂದು ಜೋಡಿ ಮುಗಿದ ಮೇಲೆ ಇನ್ನೊಂದು ಜೋಡಿ. ಎಷ್ಟು ಹೊತ್ತಾದೀತು? ನೂರು ಜನರಲ್ಲಿ 4,950 ಜೋಡಿಗಳಿವೆ. ಅಂದರೆ 82 ನಿಮಿಷ 30 ಸೆಕೆಂಡು! ಝೂಮ್‌ನ ಉಚಿತ ಖಾತೆ ನೂರು ಜನರಿಗೆ ಜಾಗ ಕೊಡುತ್ತದೆ, ಹೊತ್ತು ಕೊಡುವುದು ಮಾತ್ರ 40 ನಿಮಿಷ. ಎರಡು ಸಭೆಗಳು ಪೂರ್ತಿ ನಮಸ್ಕಾರದಲ್ಲೇ ಮುಗಿದು, ಮೂರನೆಯ ಸಭೆ ತೆರೆದು ಎರಡೂವರೆ ನಿಮಿಷ ಕಳೆದ ಮೇಲಷ್ಟೇ 'ಹಾಂ, ಈಗ ವಿಷಯಕ್ಕೆ ಬರೋಣ' ಎನ್ನಬಹುದು.

ಈ ನಮಸ್ಕಾರವನ್ನೇ ಅಳತೆಗೋಲಾಗಿ ಹಿಡಿದು ಹೊರಡೋಣ. ಆನ್‌ಲೈನ್ ಸಭೆಗಳ ಲೋಕದಲ್ಲಿ ಇದಕ್ಕಿಂತ ಬೆರಗು ಹುಟ್ಟಿಸುವ ಅಳತೆಗೋಲು ನನಗೆ ಸಿಕ್ಕಿಲ್ಲ.

ಮನೆಮಂದಿಯಿಂದ ಶುರು ಮಾಡೋಣ. ವಾಟ್ಸ್ಆ್ಯಪ್‌ನಲ್ಲಿ 2018ರಲ್ಲಿ ಗುಂಪು ಕರೆ ಬಂದಾಗ ಒಟ್ಟಿಗೆ ಸೇರಬಹುದಾಗಿದ್ದವರು 4 ಜನ. ನಾಲ್ವರಲ್ಲಿ 6 ಜೋಡಿ, 6 ಸೆಕೆಂಡಿನಲ್ಲಿ ನಮಸ್ಕಾರ ಮುಗಿಯಿತು. 2020ರ ಏಪ್ರಿಲ್‌ನಲ್ಲಿ ಮಿತಿ 8ಕ್ಕೆ ಏರಿತು. ಜನ ಎರಡು ಪಟ್ಟಾದರು, ಜೋಡಿಗಳು 6ರಿಂದ 28ಕ್ಕೆ ಹಾರಿದವು. ಈಗ ಮಿತಿ 32. ಆ್ಯಪಲ್‌ನ ಫೇಸ್‌ಟೈಮ್‌ನಲ್ಲೂ ಅಷ್ಟೇ. 32 ಜನರಲ್ಲಿ 496 ಜೋಡಿ, 8 ನಿಮಿಷ 16 ಸೆಕೆಂಡು. ನಾಲ್ಕರಿಂದ ಮೂವತ್ತೆರಡಕ್ಕೆ ಬಂದಾಗ ಜನ ಎಂಟು ಪಟ್ಟು, ನಮಸ್ಕಾರ ಎಂಬತ್ತಕ್ಕೂ ಹೆಚ್ಚು ಪಟ್ಟು! ಗುಂಪು ಬೆಳೆಯುವುದೆಂದರೆ ಪಂಕ್ತಿಗೆ ಇನ್ನೆರಡು ಎಲೆ ಹಾಕಿದಂತಲ್ಲ. ಬಂದ ಪ್ರತಿಯೊಬ್ಬರೂ ಅಲ್ಲಿರುವ ಎಲ್ಲರೊಡನೆ ಹೊಸದೊಂದು ನಂಟನ್ನು ತರುತ್ತಾರೆ.

ಮುಂದಿನ ಮೆಟ್ಟಿಲು ನೂರು. ಇಲ್ಲೊಂದು ಸೋಜಿಗವಿದೆ. ಝೂಮ್, ಗೂಗಲ್ ಮೀಟ್, ಮೈಕ್ರೋಸಾಫ್ಟ್ ಟೀಮ್ಸ್, ವೆಬೆಕ್ಸ್ ನಾಲ್ಕೂ ಮಾರುಕಟ್ಟೆಯಲ್ಲಿ ಪೈಪೋಟಿಗೆ ಬಿದ್ದಿದ್ದರೂ ಉಚಿತವಾಗಿ ಕೊಡುವ ಕುರ್ಚಿಗಳ ಸಂಖ್ಯೆ ಮಾತ್ರ ಒಂದೇ: 100. ಬೇರೆಯಾಗುವುದು ಗಡಿಯಾರ. ಝೂಮ್ ಮತ್ತು ವೆಬೆಕ್ಸ್ 40 ನಿಮಿಷ, ಮೀಟ್ ಮತ್ತು ಟೀಮ್ಸ್ 60 ನಿಮಿಷ. ಪ್ರತಿಯೊಬ್ಬರಿಗೂ ಸಮಪಾಲು ಮಾತು ಹಂಚಿದರೆ ಮೊದಲನೆಯ ಜೋಡಿಯಲ್ಲಿ ತಲಾ 24 ಸೆಕೆಂಡು, ಎರಡನೆಯದರಲ್ಲಿ ತಲಾ 36 ಸೆಕೆಂಡು. ಹೆಸರು, ಊರು, ಕೆಲಸ ಹೇಳುವಷ್ಟರಲ್ಲಿ ಸರದಿ ಮುಗಿಯಿತು. ಅದೇ ಮೀಟ್‌ನಲ್ಲಿ ಇಬ್ಬರೇ ಕೂತರೆ 24 ಗಂಟೆ! ನೂರು ಜನರಿಗೆ ತಲಾ 36 ಸೆಕೆಂಡು, ಇಬ್ಬರಿಗೆ ತಲಾ 12 ಗಂಟೆ. ಅಂದರೆ 1,200 ಪಟ್ಟು ಮಾತು. ಯಾವುದನ್ನು ಆರಿಸಬೇಕೆಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಎಷ್ಟು ಜನ ಬರುತ್ತಾರೆಂದಲ್ಲ, ಎಷ್ಟು ಜನ ಮಾತಾಡುತ್ತಾರೆಂದು. ಎಲ್ಲರೂ ಮಾತಾಡಬೇಕಾದರೆ ಎಂಟು ಜನರ ವಾಟ್ಸ್ಆ್ಯಪ್ ಕರೆಯ ಮುಂದೆ ಸಾವಿರ ಜನರ ಸಭಾಂಗಣ ಏನೂ ಅಲ್ಲ. ದುಡ್ಡೂ ಬೇಡ, ಗಡಿಯಾರದ ಕಾಟವೂ ಬೇಡ ಎನ್ನುವವರಿಗೆ ಜಿಟ್ಸಿ ಇದೆ. 2003ರಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬರು ಶುರು ಮಾಡಿದ ಮುಕ್ತ ತಂತ್ರಾಂಶ ಅದು. ಪಾಠ ಮಾಡುವವರಿಗೆ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಹುಟ್ಟಿದ ಬಿಗ್‌ಬ್ಲೂಬಟನ್ ಇದೆ.

2020ರ ಆಗಸ್ಟ್‌ನಲ್ಲಿ ತೀರ್ಥಹಳ್ಳಿಯ ನಮ್ಮ ದೊಡ್ಡಮ್ಮನಿಗೆ ಎಂಬತ್ತು ತುಂಬಿತು. ಯಾರೂ ಊರಿಗೆ ಹೋಗುವ ಹಾಗಿರಲಿಲ್ಲ. ಉಚಿತ ಖಾತೆಯೊಂದರಲ್ಲಿ ಸಭೆ ಕರೆದೆವು. ಸೇರಿದವರು 61 ಜನ. ದೊಡ್ಡಮ್ಮ ತುಳಸಿಕಟ್ಟೆಯ ಪಕ್ಕ ಕುರ್ಚಿ ಹಾಕಿಕೊಂಡು, ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಆನಿಸಿ ಕೂತಿದ್ದಳು. ಮೊಬೈಲಿನಲ್ಲಿ ಒಂದು ಪುಟಕ್ಕೆ ನಾಲ್ಕೇ ಮುಖ. ಅವಳನ್ನು ಬಿಟ್ಟು 60 ಮುಖ, 15 ಪುಟ. ತೋರುಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು ಒಂದೊಂದೇ ಪುಟ ಸರಿಸುತ್ತಾ, 'ಇವನ್ಯಾರೋ ಗಡ್ಡದವನು? ಶಾಂತೆ ಮಗನಾ? ಎಷ್ಟು ಬೆಳೆದುಬಿಟ್ಟಿದಾನೆ!' ಎಂದು ಪ್ರತಿ ಪುಟದಲ್ಲೂ ನಿಂತು ನಿಂತು ಹೋದಳು. 40 ನಿಮಿಷವನ್ನು 60 ಮುಖಕ್ಕೆ ಹಂಚಿದರೆ ಮುಖಕ್ಕೆ 40 ಸೆಕೆಂಡು. ದೊಡ್ಡಮ್ಮ ಅಷ್ಟಕ್ಕೆಲ್ಲ ಬಿಡುವವಳಲ್ಲ. ಹನ್ನೊಂದನೆಯ ಪುಟದಲ್ಲಿ ಅಮೆರಿಕದ ಸ್ಯಾನ್ ಹೊಸೆಯಲ್ಲಿರುವ ನನ್ನ ತಂಗಿ ಸಿಕ್ಕಿದಳು. ನಮಗೆ ಸಂಜೆ ಏಳು, ಅವಳಿಗೆ ಬೆಳಿಗ್ಗೆ ಆರೂವರೆ. 'ದೊಡ್ಡಮ್ಮ, ಪಾಪುಗೆ ಹಲ್ಲು ಬಂತು' ಎಂದು ತಂಗಿ ಹೇಳುವಷ್ಟರಲ್ಲಿ 40 ನಿಮಿಷ ತುಂಬಿ ಎಲ್ಲ ಮುಖಗಳೂ ಒಟ್ಟಿಗೆ ಮಾಯವಾದವು. ಆ ಕಥೆಗೆ ಆಮೇಲೆ ಬರುತ್ತೇನೆ.

ಆ ಒಂದೊಂದು ಮುಖದ ಲೆಕ್ಕವನ್ನೇ ನೋಡಿ. ಸಾಧಾರಣ ಎಚ್‌ಡಿ ವಿಡಿಯೊದ ಒಂದು ಚಿತ್ರದಲ್ಲಿ ಅಡ್ಡಕ್ಕೆ 1,280, ಉದ್ದಕ್ಕೆ 720 ಚುಕ್ಕಿಗಳು. ಒಟ್ಟು 9,21,600. ಇಂಥ ಚಿತ್ರಗಳು ಸೆಕೆಂಡಿಗೆ 30. ಅಂದರೆ ಒಂದೇ ಸೆಕೆಂಡಿಗೆ 2 ಕೋಟಿ 76 ಲಕ್ಷ 48 ಸಾವಿರ ಚುಕ್ಕಿ! ಅಂಗಳದಲ್ಲಿ ಚುಕ್ಕಿ ರಂಗೋಲಿ ಇಡುವ ಕೈಗೆ ಸೆಕೆಂಡಿಗೆ ಒಂದು ಚುಕ್ಕಿಯೆಂದರೆ ಒಳ್ಳೆಯ ವೇಗವೇ. ಆ ವೇಗದಲ್ಲಿ ಊಟ ನಿದ್ದೆ ಬಿಟ್ಟು ಹಗಲೂ ರಾತ್ರಿ ಇಡುತ್ತಾ ಹೋದರೆ ಒಂದು ಸೆಕೆಂಡಿನ ಮುಖ ಮುಗಿಯಲು ಸರಿಯಾಗಿ 320 ದಿನ ಬೇಕು. ಯುಗಾದಿಗೆ ಕೂತವರು ಮಹಾಶಿವರಾತ್ರಿಯ ಹೊತ್ತಿಗೆ ಎದ್ದಾರು, ಒಂದು ಸಲ ನಕ್ಕ ಮುಖ ಮಾತ್ರ ಅಂಗಳದಲ್ಲಿ ಮೂಡಿರುತ್ತದೆ. ಒಂದು ಗಂಟೆಯ ಮುಖಕ್ಕೆ ಚುಕ್ಕಿಗಳು 9,953 ಕೋಟಿ. ನಮ್ಮ ಆಕಾಶಗಂಗೆಯಲ್ಲಿ ಕಡಿಮೆಯೆಂದರೂ ಹತ್ತು ಸಾವಿರ ಕೋಟಿ ನಕ್ಷತ್ರಗಳಿವೆ ಎಂದು ಖಗೋಳಜ್ಞರ ಅಂದಾಜು. ಒಬ್ಬರು ಒಂದು ಗಂಟೆ ಕ್ಯಾಮೆರಾ ಮುಂದೆ ಸುಮ್ಮನೆ ಕೂತರೂ ಸಾಕು, ಒಂದು ಆಕಾಶಗಂಗೆಯಷ್ಟು ಚುಕ್ಕಿ ಹರಿದುಹೋಯಿತು!

ಇಷ್ಟೂ ಚುಕ್ಕಿಗಳನ್ನು ಇದ್ದಂತೆಯೇ ಕಳಿಸಿದರೆ ಸೆಕೆಂಡಿಗೆ 66 ಕೋಟಿ ಬಿಟ್ ಆಗುತ್ತದೆ. ಗುಂಪು ಸಭೆಯಲ್ಲಿ ಈ ಗುಣಮಟ್ಟದ ಚಿತ್ರ ನೋಡಲು ಝೂಮ್ ಕೇಳುವುದು ಸೆಕೆಂಡಿಗೆ 18 ಲಕ್ಷ ಬಿಟ್. ಸುಮಾರು 370ರಲ್ಲಿ ಒಂದು ಪಾಲು! 370 ಪುಟದ ಕಾದಂಬರಿಯನ್ನು ಒಂದೇ ಪುಟಕ್ಕೆ ಇಳಿಸಿ ಅಂಚೆಗೆ ಹಾಕಿ, ಆ ಕಡೆಯವರು ಅದನ್ನು ಮತ್ತೆ 370 ಪುಟವಾಗಿ ಬಿಡಿಸಿ ಓದಿದಂತೆ. ಅದೂ ಸೆಕೆಂಡು ಸೆಕೆಂಡಿಗೂ. ಹೇಗೆ ಮಾಡುತ್ತಾರೆಂಬುದು ಬೇರೆಯೇ ಒಂದು ಗಣಿತ. ಮಾಡುತ್ತಾರೆಂಬುದೇ ನನಗೆ ಪವಾಡ.

ವೇಗದ ಮಾತು ಬಂದಾಗ ನನಗೆ ವಿಜಯಪುರದ ಗೋಲಗುಂಬಜ್ ನೆನಪಾಗುತ್ತದೆ. ಗುಮ್ಮಟದ ಒಳಗಿನ ಅಡ್ಡಗಲ ಸುಮಾರು 38 ಮೀಟರ್. ಪಿಸುಗುಟ್ಟುವ ಗ್ಯಾಲರಿಯಲ್ಲಿ ಈ ಬದಿ ಪಿಸುಗುಟ್ಟಿದ್ದು ಆ ಬದಿಯವರ ಕಿವಿಗೆ ಮುಟ್ಟಲು ಕಡಿಮೆಯೆಂದರೂ ಸೆಕೆಂಡಿನ ಒಂಬತ್ತನೆಯ ಒಂದು ಪಾಲು ಬೇಕು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಎಂದರೆ ಸೆಕೆಂಡಿಗೆ ಐದು ಸಲ ಭೂಪ್ರದಕ್ಷಿಣೆ! ಪಿಸುಮಾತು ಗುಮ್ಮಟ ದಾಟುವಷ್ಟರಲ್ಲಿ ಆ ಬೆಳಕು 22 ಸಾವಿರ ಕಿಲೋಮೀಟರ್ ಓಡಿ, ಅರ್ಧ ಭೂಮಿಯನ್ನು ಸುತ್ತಿ ಮುಗಿಸಿರುತ್ತದೆ. ತೀರ್ಥಹಳ್ಳಿಯಿಂದ ಸ್ಯಾನ್ ಹೊಸೆಗೆ ನೇರ ದಾರಿ ಸುಮಾರು 14 ಸಾವಿರ ಕಿಲೋಮೀಟರ್, ಬೆಳಕಿಗೆ ಸೆಕೆಂಡಿನ ನೂರರಲ್ಲಿ ಏಳು ಪಾಲು. ಅಷ್ಟು ಹೊತ್ತಿನಲ್ಲಿ ಮದುವೆ ಛತ್ರದ ವೇದಿಕೆಯ ಮೇಲಿನ ಮಾತು 24 ಮೀಟರ್ ಹೋಗಿರುತ್ತದೆ, ಊಟದ ಹಾಲಿನ ಬಾಗಿಲಿಗೂ ಮುಟ್ಟಿರುವುದಿಲ್ಲ. ಕೇಬಲ್ಲಿನ ದಾರಿ ಸುತ್ತುಬಳಸಿನದು, ನಡುವೆ ಹತ್ತಾರು ಯಂತ್ರಗಳು ತಡೆದು ನಿಲ್ಲಿಸುತ್ತವೆ, ನಿಜ. ಆದರೂ ಒಂದು ದಿಕ್ಕಿನ ವಿಳಂಬ ಸೆಕೆಂಡಿನ ನೂರರಲ್ಲಿ ಹದಿನೈದು ಪಾಲಿನೊಳಗೆ ಇರಲಿ ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಖಂಡಾಂತರ ಮಾತಿಗೆ ಹಾಕಿದ ಗೆರೆಯೂ ಎಷ್ಟು ಬಿಗಿ ನೋಡಿ!

ಹಿಂದೆ ಹೇಗಿತ್ತು? 1964ರಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿ ನ್ಯೂಯಾರ್ಕ್, ವಾಷಿಂಗ್ಟನ್, ಷಿಕಾಗೊ ನಗರಗಳಲ್ಲಿ ಮುಖ ನೋಡಿ ಮಾತಾಡುವ ಪಿಕ್ಚರ್‌ಫೋನ್ ಮಳಿಗೆ ತೆರೆಯಿತು. ನ್ಯೂಯಾರ್ಕ್‌ನಿಂದ ವಾಷಿಂಗ್ಟನ್‌ಗೆ 3 ನಿಮಿಷದ ಮಾತಿಗೆ 16 ಡಾಲರ್. ಆ ದರದಲ್ಲಿ 40 ನಿಮಿಷ ಮಾತಾಡಿದ್ದರೆ 213 ಡಾಲರ್, ಅದೂ 1964ರ ಡಾಲರ್, ಅದೂ ಇಬ್ಬರಿಗೆ ಮಾತ್ರ. ಇವತ್ತು ಅದೇ 40 ನಿಮಿಷ, ಐವತ್ತು ಪಟ್ಟು ಜನ, ಬೆಲೆ ಸೊನ್ನೆ. 1968ರ ಡಿಸೆಂಬರ್ 9ರಂದು ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೊದ ಸಭಾಂಗಣದಲ್ಲಿ ಕೂತು, ಸುಮಾರು 50 ಕಿಲೋಮೀಟರ್ ದೂರದ ಮೆನ್ಲೊ ಪಾರ್ಕಿನ ಸಹೋದ್ಯೋಗಿಯ ಮುಖವನ್ನೂ ಇಬ್ಬರೂ ಸೇರಿ ತಿದ್ದುತ್ತಿದ್ದ ಬರಹವನ್ನೂ ಒಂದೇ ಪರದೆಯಲ್ಲಿ ತೋರಿಸಿದರು. 90 ನಿಮಿಷದ ಆ ಪ್ರದರ್ಶನವನ್ನು ನೋಡಿದವರು ಸುಮಾರು ಸಾವಿರ ಜನ. ನಾವು ದಿನಾ 'ಸ್ಕ್ರೀನ್ ಶೇರ್ ಮಾಡ್ತೀನಿ, ಕಾಣ್ತಿದೆಯಾ?' ಎಂದು ಕೇಳುವ ಮಾತಿನ ಅಜ್ಜನ ಮನೆ ಅದು.

ಈಗ ನೂರರ ಗಡಿ ದಾಟೋಣ. ಇಲ್ಲಿಂದ ದುಡ್ಡು ಕೊಡಬೇಕು. ಗೂಗಲ್ ಮೀಟ್‌ನಲ್ಲಿ ಖಾತೆಯ ದರ್ಜೆಯಂತೆ 150, 500, 1,000. ಝೂಮ್‌ನಲ್ಲಿ 300, 500, ಹಾಗೇ ಸಾವಿರದವರೆಗೆ. ಟೀಮ್ಸ್‌ನ ಸಣ್ಣ ಉದ್ದಿಮೆಗಳ ಖಾತೆಗೆ 300, ದೊಡ್ಡ ಸಂಸ್ಥೆಗಳಿಗೆ 1,000. ಮುನ್ನೂರು ಜನರಿಗೆ ಐವತ್ತು ಸೀಟಿನ 6 ಬಸ್ಸು ಬೇಕು, ಸಾವಿರಕ್ಕೆ 20 ಬಸ್ಸು. ಪರದೆ ಸಾಲುವುದಿಲ್ಲ: ಝೂಮ್ ಆಗಲಿ ಟೀಮ್ಸ್ ಆಗಲಿ ಕಂಪ್ಯೂಟರಿನಲ್ಲಿ ಒಂದು ಪುಟಕ್ಕೆ ಹಿಡಿಸುವುದು ಹೆಚ್ಚೆಂದರೆ 49 ಮುಖ, ಏಳು ಸಾಲು ಏಳು ಕಂಬ. ಸಾವಿರ ಮುಖಕ್ಕೆ 21 ಪುಟ. ನಮಸ್ಕಾರದ ಕೋಲಿನಲ್ಲಿ ಅಳೆದರೆ 4,99,500 ಜೋಡಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೈಮುಗಿಯಲು ಶುರು ಮಾಡಿ, ಒಂದು ಕ್ಷಣವೂ ನಿಲ್ಲಿಸದೆ ಮುಂದುವರಿದರೆ, ಕೊನೆಯ ಜೋಡಿ ಕೈ ಇಳಿಸುವಾಗ ಭಾನುವಾರ ಬೆಳಗಿನ ಜಾವ ಮೂರೂಮುಕ್ಕಾಲು!

ಸಾವಿರದಾಚೆಗೆ ಸಭೆಯ ಸ್ವಭಾವವೇ ಬದಲಾಗುತ್ತದೆ. ಟೀಮ್ಸ್‌ನಲ್ಲಿ ಸಾವಿರದ ಮೇಲೆ ಬಂದವರು, ಹತ್ತು ಸಾವಿರದವರೆಗೆ, ನೋಡಬಹುದು ಕೇಳಬಹುದು ಅಷ್ಟೇ. ಗೂಗಲ್‌ನ ನೇರಪ್ರಸಾರದಲ್ಲಿ ಒಂದು ಲಕ್ಷ ಜನ. ವೆಬೆಕ್ಸ್‌ನದೂ ಒಂದು ಲಕ್ಷದವರೆಗೆ ಹೋಗುತ್ತದೆ. ಹತ್ತು ಸಾವಿರ ಜನರ ನಮಸ್ಕಾರಕ್ಕೆ ಒಂದು ವರ್ಷ ಏಳು ತಿಂಗಳು. ಒಂದು ಲಕ್ಷ ಜನರದಕ್ಕೆ 158 ವರ್ಷ; ನಮ್ಮ ಮುತ್ತಜ್ಜನ ಅಪ್ಪ ಶುರು ಮಾಡಿದ್ದನ್ನು ಮೊಮ್ಮಕ್ಕಳು ಮುಗಿಸಬೇಕು. ಅದಕ್ಕೇ ಇರಬೇಕು, ಇಲ್ಲಿ ಯಾರೂ ಯಾರಿಗೂ ನಮಸ್ಕಾರ ಹೇಳುವುದಿಲ್ಲ. ಇದನ್ನು ಸಭೆ ಎನ್ನುವುದಕ್ಕಿಂತ ಜಾತ್ರೆಯ ಬಯಲಾಟ ಎನ್ನುವುದೇ ಸರಿ. ಹಾಗೆಂದು ಕಡಿಮೆಯೇನಲ್ಲ, ಬಯಲಾಟಕ್ಕೆ ಬಯಲಾಟದ್ದೇ ಸುಖ.

ಒಂದು ಲಕ್ಷಕ್ಕೇ ನಿಲ್ಲಲಿಲ್ಲ. 2024ರ ಜುಲೈ 21ರಂದು ಜೋ ಬೈಡನ್ ಅಧ್ಯಕ್ಷೀಯ ಚುನಾವಣೆಯ ಕಣದಿಂದ ಹಿಂದೆ ಸರಿದರು. ಅದೇ ರಾತ್ರಿ ಕಮಲಾ ಹ್ಯಾರಿಸ್ ಪರವಾಗಿ ಅಮೆರಿಕದ ಕಪ್ಪು ಮಹಿಳೆಯರು ಕರೆದ ಒಂದು ಝೂಮ್ ಸಭೆಗೆ ಬಂದವರು 44 ಸಾವಿರ. ಅದೇ ವಾರ ಇನ್ನೊಂದು ಸಭೆಗೆ ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು. ಮರು ತಿಂಗಳೇ ಝೂಮ್ ಹೊಸ ಬಾಗಿಲು ತೆರೆಯಿತು: ಒಂದೇ ವೆಬಿನಾರಿಗೆ 10 ಲಕ್ಷ ಜನ!

ಹತ್ತು ಲಕ್ಷ ಜನರನ್ನು ಐವತ್ತು ಸೀಟಿನ ಬಸ್ಸುಗಳಲ್ಲಿ ಕೂರಿಸಿ. 20 ಸಾವಿರ ಬಸ್ಸು. ಒಂದೊಂದು ಬಸ್ಸು 12 ಮೀಟರ್ ಉದ್ದ ಎಂದಿಟ್ಟುಕೊಂಡು ಒಂದರ ಹಿಂದೊಂದು ಅಂಟಿಸಿ ನಿಲ್ಲಿಸಿದರೆ ಸಾಲು 240 ಕಿಲೋಮೀಟರ್. ಮೊದಲ ಬಸ್ಸು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಂತಿದ್ದರೆ ಕೊನೆಯದು ತುಮಕೂರು, ಹಿರಿಯೂರು, ಚಿತ್ರದುರ್ಗವನ್ನೆಲ್ಲ ದಾಟಿ ದಾವಣಗೆರೆಯ ಹತ್ತಿರ ನಿಂತಿರುತ್ತದೆ. ಇಂಥ ಒಂದು ವೆಬಿನಾರಿನ ಬೆಲೆ ಒಂದು ಲಕ್ಷ ಡಾಲರ್ ಎಂದು ನಿಗದಿಯಾಯಿತು. ಎದೆ ಝಲ್ಲೆನ್ನುವ ಮೊತ್ತವೇ ಸರಿ, ಆದರೆ ತಲೆಗೆ ಹಂಚಿದರೆ 10 ಸೆಂಟ್, ಆಗಿನ ವಿನಿಮಯದಲ್ಲಿ ಎಂಟು ರೂಪಾಯಿ ಚಿಲ್ಲರೆ. ಅದೇ ಪಟ್ಟಿಯಲ್ಲಿ ಹತ್ತು ಸಾವಿರ ಜನರ ಸಭೆಗೆ 9 ಸಾವಿರ ಡಾಲರ್, ತಲೆಗೆ 90 ಸೆಂಟ್. ಗುಂಪು ನೂರು ಪಟ್ಟು ಹಿಗ್ಗಿದರೆ ತಲೆಯ ಬೆಲೆ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ! ನಮಸ್ಕಾರಗಳೋ, ಸುಮಾರು 50 ಸಾವಿರ ಕೋಟಿ. 15,800 ವರ್ಷ. ಮಾತಾಡಲು ಸಮಪಾಲು ಹಂಚಿದರೆ ಒಂದು ಗಂಟೆಯ ಸಭೆಯಲ್ಲಿ ಒಬ್ಬರಿಗೆ ಸಿಗುವುದು ಸೆಕೆಂಡಿನ ಸಾವಿರದಲ್ಲಿ ಮೂರೂವರೆ ಪಾಲು ಚಿಲ್ಲರೆ. 'ನಿಮಿಷ' ಎಂಬ ಮಾತಿಗೆ ಮೂಲದಲ್ಲಿ ಎವೆಯಿಕ್ಕುವಷ್ಟು ಹೊತ್ತು ಎಂದೇ ಅರ್ಥ. ಇಲ್ಲಿ ಒಂದು ಸಲ ಎವೆಯಿಕ್ಕುವಷ್ಟರಲ್ಲಿ ಹತ್ತಾರು ಜನರ ಸರದಿ ಬಂದು ಹೋಗಿರುತ್ತದೆ.

ದೊಡ್ಡ ಸಭೆಗಳ ಅಬ್ಬರದಲ್ಲಿ ಸಣ್ಣ ಸಭೆಗಳ ದೊಡ್ಡ ಎಣಿಕೆಯನ್ನು ಮರೆಯಬಾರದು. ಕೋವಿಡ್ ಕಾಲದಿಂದ ಈಚೆಗೆ ಭಾರತದ ಹೈಕೋರ್ಟುಗಳೂ ಜಿಲ್ಲಾ ನ್ಯಾಯಾಲಯಗಳೂ ವಿಡಿಯೊ ಮೂಲಕ ವಿಚಾರಣೆ ನಡೆಸಿದ ಪ್ರಕರಣಗಳು 2024ರ ಹೊತ್ತಿಗೆ 3 ಕೋಟಿ ದಾಟಿದ್ದವು. ಒಂದೊಂದರಲ್ಲೂ ಕೂತವರು ಬೆರಳೆಣಿಕೆಯ ಜನ. ಒಂದು ಪ್ರಕರಣಕ್ಕೆ ಒಬ್ಬರಿಗೆ, ಹೋಗಿ ಬರುವ ಹತ್ತೇ ಕಿಲೋಮೀಟರ್ ಉಳಿಯಿತೆಂದು ಹಿಡಿಯಿರಿ. 30 ಕೋಟಿ ಕಿಲೋಮೀಟರ್! ಭೂಮಿಯಿಂದ ಸೂರ್ಯನವರೆಗೆ ಹೋಗಿ ಮನೆಗೆ ವಾಪಸು ಬರುವಷ್ಟು ಬಸ್ ಪ್ರಯಾಣ ಉಳಿದಂತಾಯಿತು.

ಇನ್ನೂ ಸಣ್ಣದಕ್ಕೆ ಇಳಿದರೆ, 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಒಂದು ಹಳ್ಳಿಯಿಂದ ಬಂದ ಚಿತ್ರ. ಸುರಿಯುವ ಮಳೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆ ಹುಡುಗಿಯೊಬ್ಬಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ. ಅಪ್ಪ ಹಿಂದೆ ನಿಂತು ಕೊಡೆ ಹಿಡಿದಿದ್ದಾರೆ. ಹತ್ತು ಲಕ್ಷ ಕುರ್ಚಿ ಹಾಕಬಲ್ಲ ತಂತ್ರಜ್ಞಾನಕ್ಕೆ ಒಂದು ಕುರ್ಚಿಯ ಮೇಲೆ ಕೊಡೆ ಬೇಕಾಯಿತು. ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡಿ ಬಂದು, ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ ಸೋತದ್ದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆ ಒಂದೆರಡು ಕಿಲೋಮೀಟರೇ ಈ ಇಡೀ ಲೆಕ್ಕದಲ್ಲಿ ಎಲ್ಲಕ್ಕಿಂತ ಉದ್ದದ ದೂರ.

ಎಲ್ಲ ಸಭೆಗಳನ್ನೂ ಒಟ್ಟು ಸೇರಿಸಿದರೆ? 2019ರ ಡಿಸೆಂಬರ್‌ನಲ್ಲಿ ಝೂಮ್ ಸಭೆಗಳಲ್ಲಿ ದಿನಕ್ಕೆ ಹೆಚ್ಚೆಂದರೆ 1 ಕೋಟಿ ಹಾಜರಿ. ಒಬ್ಬರೇ ಮೂರು ಸಭೆಗೆ ಕೂತರೆ ಮೂರು ಹಾಜರಿ ಎಂಬುದು ಅಲ್ಲಿನ ಲೆಕ್ಕ. 2020ರ ಮಾರ್ಚ್‌ನಲ್ಲಿ ಅದು 20 ಕೋಟಿ. ಏಪ್ರಿಲ್‌ನಲ್ಲಿ 30 ಕೋಟಿ. ಐನೂರು ಜನರಿಗೆಂದು ಕಟ್ಟಿದ ಛತ್ರಕ್ಕೆ ನಾಲ್ಕೇ ತಿಂಗಳಲ್ಲಿ 15 ಸಾವಿರ ಜನ ಊಟಕ್ಕೆ ಬಂದು, ಎಲ್ಲರಿಗೂ ಎಲೆ ಸಿಕ್ಕಂತೆ! 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಹತ್ತಿರ ಹತ್ತಿರ ಐದು ಕರ್ನಾಟಕ, ದಿನಾಲೂ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆಚ್ಚಿಬೀಳಿಸಿದ್ದು ಟೀಮ್ಸ್‌ನ ಒಂದು ದಿನದ ಲೆಕ್ಕ. 2020ರ ಮಾರ್ಚ್ 16ರಂದು ಜಗತ್ತಿನಾದ್ಯಂತ ಅದರಲ್ಲಿ ನಡೆದ ಸಭೆಗಳ ಹೊತ್ತು 90 ಕೋಟಿ ನಿಮಿಷ. ಮಾರ್ಚ್ 25 ನಮಗೆ ಯುಗಾದಿ; ಶಾರ್ವರಿ ಸಂವತ್ಸರ ಕಾಲಿಟ್ಟ ದಿನ, ದೇಶಕ್ಕೆ ಲಾಕ್‌ಡೌನ್‌ನ ಮೊದಲ ದಿನ. ಬೇವುಬೆಲ್ಲ ತಿಂದು ಆರು ದಿನ ಕಳೆದು ಮಾರ್ಚ್ 31 ಬಂತು. ಆ ಒಂದೇ ದಿನ ಟೀಮ್ಸ್‌ನಲ್ಲಿ 270 ಕೋಟಿ ನಿಮಿಷ! ವರ್ಷಕ್ಕೆ ತಿರುಗಿಸಿ ನೋಡಿ: ಸುಮಾರು 5,130 ವರ್ಷ. ಆ ಯುಗಾದಿಯ ಪಂಚಾಂಗ ಶ್ರವಣದಲ್ಲಿ ಕಲಿಯುಗದಲ್ಲಿ ಕಳೆದ ವರ್ಷಗಳೆಂದು ಓದಿದ್ದು ಎಷ್ಟು? 5,121. ಕೃಷ್ಣಾವತಾರ ಮುಗಿದು ಕಲಿ ಕಾಲಿಟ್ಟನೆನ್ನುವ ಗಳಿಗೆಯಿಂದ ಅವತ್ತಿನವರೆಗಿನ ಅಷ್ಟೂ ಕಾಲ, ಒಂದು ತಂತ್ರಾಂಶದ ಒಂದು ದಿನದ ಮೀಟಿಂಗಿನೊಳಗೆ ಕೂತುಬಿಟ್ಟಿತು!

ಅದೂ ಶಿಖರವಲ್ಲ. ಏಪ್ರಿಲ್‌ನ ಒಂದು ದಿನ ಟೀಮ್ಸ್ 410 ಕೋಟಿ ನಿಮಿಷ ಮುಟ್ಟಿತು, 7,800 ವರ್ಷ. ಅದೇ ತಿಂಗಳು ಗೂಗಲ್ ಮೀಟ್‌ನಲ್ಲಿ ದಿನಕ್ಕೆ 300 ಕೋಟಿ ನಿಮಿಷ, 5,700 ವರ್ಷ. ಎರಡೂ ಸೇರಿ 13,500 ವರ್ಷ. ಅಷ್ಟು ಹಿಂದಕ್ಕೆ ಹೋದರೆ ಮನುಷ್ಯ ಇನ್ನೂ ಬೇಸಾಯ ಕಲಿತಿಲ್ಲ, ಉತ್ತರದ ಖಂಡಗಳ ಮೇಲೆ ಹಿಮದ ಹೊದಿಕೆ ಕರಗಿ ಮುಗಿದಿಲ್ಲ.

ಇದಕ್ಕಿಂತ ದೊಡ್ಡ ಸಂಖ್ಯೆ ಅಡಗಿ ಕೂತಿರುವುದು ಗೂಗಲ್ ಮೀಟ್‌ನ ಕೊಂಡಿಯ ಬಾಲದಲ್ಲಿ. ಮೂರು, ನಾಲ್ಕು, ಮೂರು ಎಂದು ಒಡೆದು ಬರೆದ ಹತ್ತು ಅಕ್ಷರ. ಒಂದೊಂದು ಜಾಗಕ್ಕೂ 25 ಅಕ್ಷರಗಳ ಆಯ್ಕೆ. ಹೀಗೆ ಹುಟ್ಟಬಹುದಾದ ಕೋಣೆಗಳು 9,53,67,43,16,40,625. ಓದಲು ಸುಲಭವಾಗಲಿ ಎಂದರೆ 95 ಲಕ್ಷ ಕೋಟಿ. ಭೂಮಿಯ 800 ಕೋಟಿ ಜನರಿಗೆ ಹಂಚಿದರೆ ಹಸುಗೂಸಿಗೂ ಸೇರಿ ತಲಾ 11,900 ಕೋಣೆ. ದಿನಕ್ಕೊಂದು ಹೊಸ ಬಾಗಿಲು ತೆರೆದರೂ 32 ವರ್ಷ ಸಾಲುತ್ತದೆ. ಸೆಕೆಂಡಿಗೆ ಒಂದರಂತೆ ಎಲ್ಲ ಬಾಗಿಲನ್ನೂ ತಟ್ಟುತ್ತಾ ಹೊರಟರೆ 30 ಲಕ್ಷ ವರ್ಷ. ಇಥಿಯೋಪಿಯಾದಲ್ಲಿ ಎಲುಬುಗೂಡಾಗಿ ಸಿಕ್ಕ 'ಲೂಸಿ', ಎರಡು ಕಾಲಲ್ಲಿ ನಡೆಯುತ್ತಿದ್ದ ನಮ್ಮ ದೂರದ ಪೂರ್ವಜೆ, ಬದುಕಿದ್ದದ್ದು 32 ಲಕ್ಷ ವರ್ಷಗಳ ಹಿಂದೆ. ಅವಳ ಕಾಲದಲ್ಲಿ ತಟ್ಟಲು ಶುರು ಮಾಡಿದ್ದರೆ ಕೆಲಸ ಈಚೆಗಷ್ಟೇ ಮುಗಿದಿರುತ್ತಿತ್ತು. ಪಂಚಾಂಗದ ಲೆಕ್ಕವೇ ಬೇಕೆಂದರೆ, ಕಲಿಯುಗದ ಪೂರ್ಣಾಯುಷ್ಯ 4,32,000 ವರ್ಷ. ಬಾಗಿಲು ತಟ್ಟಿ ಮುಗಿಸಲು ಹತ್ತಿರ ಹತ್ತಿರ ಏಳು ಪೂರ್ತಿ ಕಲಿಯುಗ!

ಈಗ ದೊಡ್ಡಮ್ಮನ ಕಥೆಗೆ ಬರೋಣ. ಮೊದಲ ಸಭೆ ಕಡಿದುಹೋದ ಆ ಸಂಜೆ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಇಂಥದೇ ಹತ್ತು ಅಕ್ಷರದ ಒಂದು ಕೊಂಡಿ ಬಿತ್ತು. ಆಗ ಅಲ್ಲಿ 60 ನಿಮಿಷದ ಕಟ್ಟೂ ಇನ್ನೂ ಜಾರಿಗೆ ಬಂದಿರಲಿಲ್ಲ. ಉಪ್ಪಿನಕಾಯಿ ಜಾಡಿಗೆ ಆನಿಸಿದ್ದ ಮೊಬೈಲು ಟಿಂಗ್ ಎಂದಿತು. 95 ಲಕ್ಷ ಕೋಟಿ ಬಾಗಿಲುಗಳ ನಡುವೆ ತನ್ನದನ್ನು ದೊಡ್ಡಮ್ಮ ಒಂದೇ ಬೆರಳಲ್ಲಿ ಒತ್ತಿ ತೆರೆದಳು. ಮೂರು ನಿಮಿಷದೊಳಗೆ 61ರಲ್ಲಿ 54 ಜನ ವಾಪಸು ಬಂದಿದ್ದೆವು. ಉಳಿದವರಿಗೆ ಕಾಯುವ ಗೊಡವೆಗೇ ಹೋಗದೆ ಅವಳು ಪರದೆಗೆ ಕಣ್ಣು ಹತ್ತಿರ ತಂದು ತಂಗಿಯನ್ನು ಹುಡುಕಿ ಹಿಡಿದಳು.

'ಹಾಂ, ಈಗ ಹೇಳೇ. ಹಲ್ಲು ಬಂತು ಅಂದೆಯಲ್ಲ, ಎಷ್ಟು ಬಂತು?'

'ಎರಡು, ದೊಡ್ಡಮ್ಮ.'